ಅವ್ವನ ಬಲಕ್ಕಿರುವ ಜಾಗ

ಇಲ್ಫರ್ಡ್, ಲಂಡನ್
೧೭ ಅಕ್ಟೋಬರ್ ೨೦೦೪

ಪ್ರೀತಿಯ ನೀಲಾ,

‘ಮಣ್ಣು ಯಾರ ಹೆಸರನ್ನೂ ಕೇಳುವುದಿಲ್ಲ, ಸರಿದು ಜಾಗ ಕೊಡುತ್ತದೆ.’ ಧಾರವಾಡದಲ್ಲಿ ಎಂ.ಎ. ಓದುವಾಗ ನೀನು ಬರೆದ ಪದ್ಯದ ಸಾಲು ಹೀಗೇ ಇತ್ತಲ್ಲವೇ? ‘ಸರಿದು’ ಎಂದಿತ್ತೋ, ‘ಸುಮ್ಮನೆ’ ಎಂದಿತ್ತೋ ಮರೆತಿದ್ದೇನೆ. ಹೇಗಿದ್ದರೂ ಅದು ಸುಳ್ಳು. ಇಲ್ಲಿಯ ಮಣ್ಣು ಹೆಸರು ಕೇಳುತ್ತದೆ, ಅದೂ ಬಂಗಾರದ ಅಕ್ಷರಗಳಲ್ಲಿ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ನನ್ನ ತಮ್ಮ ರುದ್ರೇಶ ಇತಿಹಾಸಕಾರನಾಗಿದ್ದಾನೆ. ಸ್ಮಶಾನದ ಮೂಲೆಯಲ್ಲಿ ನಮ್ಮ ಮನೆತನಕ್ಕೆ ಮೂರು ಗುಂಡಿಗಳ ಜಾಗವಿದೆ. ಅಲ್ಲಿಗೆ ಕರಿಕಲ್ಲಿನ ಫಲಕ ಹಾಕಿಸಿ ‘ಪಯೋನಿಯರ್ ಫ್ಯಾಮಿಲಿ ಸೆಮೆಟರಿ, ಸ್ಥಾಪಕ ರುದ್ರೇಶ’ ಎಂದು ಕೆತ್ತಿಸಿದ್ದಾನೆ. ಹೋದ ತಿಂಗಳ ಒಂದು ಭಾನುವಾರ ಇಲ್ಲಿಯ ಕನ್ನಡ ಸಂಘದವರನ್ನೆಲ್ಲ ಕರೆದು ಅನಾವರಣ, ಭಾಷಣ, ಸಮೋಸಾ. ಪದ್ಧತಿ ಉಳಿಸಲು ತಾನು ಇಂಗ್ಲಿಷರೊಡನೆ ಹೋರಾಡಿದೆನೆಂದು ಹೇಳುವಾಗ ಅವನ ಕಣ್ಣಲ್ಲಿ ನೀರು ಬೇರೆ! ತನ್ನ ಸುಳ್ಳಿಗೆ ತಾನೇ ಅಳುವವನನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ನಿಜ ಏನೆಂದು ನಿನಗಾದರೂ ಗೊತ್ತಿರಲಿ. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ದುಡಿದು ನಮ್ಮನ್ನು ಸಾಕಿದ ಅಪ್ಪ, ಪರಪ್ಪ, ೧೯೯೨ರಲ್ಲಿ ತೀರಿಕೊಂಡರು. ನಮ್ಮಲ್ಲಿ ಸುಡುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಹೂಳುತ್ತಾರೆ. ಇದು ನಿನಗೆ ಗೊತ್ತು, ರುದ್ರೇಶನಿಗೂ ಗೊತ್ತಿತ್ತು. ಆದರೂ ಅವನು ಸುಡುವ ಏರ್ಪಾಡು ಮಾಡಿ ಬಂದಿದ್ದ.

“ಹಿಂದೂ ಅಂತ ಹೇಳೇನಿ ಅಕ್ಕಾ, ಎಲ್ಲಾ ಬುಕ್ ಆಗೇತಿ. ಕುಂದ್ರಿಸಿ ಹೂಳತೀವಿ ಅಂದ್ರ ಬಿಳಿ ಮಂದಿ ನಗ್ತಾರ.”

ಸ್ಮಶಾನದ ಕಚೇರಿಗೆ ನಾನೇ ಹೋಗಿ ವಿವರಿಸಿದೆ. ಅಲ್ಲಿದ್ದ ಮುದುಕ ಕೇಳಿದ್ದು ಒಂದೇ: “ಹಾಗಾದರೆ ಇನ್ನಷ್ಟು ಆಳ ತೋಡಬೇಕು, ಅಲ್ಲವೇ?” ಎತ್ತರದ ಪೆಟ್ಟಿಗೆ ಮಾಡಿಸಿದರು. ಯಾರೂ ನಗಲಿಲ್ಲ. ಅಪ್ಪನನ್ನು ಇಳಿಸುವಾಗ ಸ್ಥಾಪಕರು ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತಿದ್ದರು.

ಐದು ವರ್ಷದ ನಂತರ ಅವ್ವನೂ ಅಪ್ಪನ ಪಕ್ಕ ಸೇರಿದಳು. ಹೋಗುವ ಮೊದಲು ನನ್ನ ಕೈ ಹಿಡಿದು, “ನನ್ನ ಬಲಕ್ಕ ನೀ ಕೂಡು. ನಿಮ್ಮಪ್ಪಂತೂ ಮಾತಾಡೂದಿಲ್ಲ, ನನಗೊಬ್ಬಾಕಿ ಬೇಕು” ಎಂದಿದ್ದಳು. ರುದ್ರೇಶ ಅಲ್ಲೇ ನಿಂತಿದ್ದ, ತಲೆಯನ್ನೂ ಆಡಿಸಿದ್ದ. ಪಿನ್ನರ್‌ನ ಗಂಡನ ಮನೆ ಬಿಟ್ಟು ಬಂದಂದಿನಿಂದ ಈ ದೇಶದಲ್ಲಿ ನನ್ನದೆಂದು ಇದ್ದದ್ದು ಆ ಮೂರನೆಯ ಜಾಗ ಒಂದೇ.

ಭಾಷಣ ಮುಗಿದ ಮೇಲೆ ಕೇಳಿದೆ: “ಅಪ್ಪನ್ನ ಮಣ್ಣಿಗಿಟ್ಟಾಕಿ ನಾನು. ನನ್ನ ಹೆಸರು ಎಲ್ಲೂ ಇಲ್ಲಲ್ಲೋ?”

“ಹಿಸ್ಟರಿ ಅಂದಮ್ಯಾಲ ಒಬ್ಬ ಲೀಡರ್ ಬೇಕಲ್ಲ ಅಕ್ಕಾ,” ಎಂದು ಸಮೋಸಾ ಕಡಿದ. ಕೋಟಿನ ಮೇಲೆ ಪುಡಿ ಬಿತ್ತು. ಕೊಡವಿಕೋ ಎಂದು ನಾನೂ ಹೇಳಲಿಲ್ಲ.

ಹೋಗಲಿ. ನಿನ್ನ ಮಗಳ ಹೆರಿಗೆ ಸುಸೂತ್ರವಾಗಿ ಆಗಲಿ. ಹುಟ್ಟುವ ಕೂಸು ನಿನ್ನ ಹಾಗೆ ಪದ್ಯ ಬರೆಯಲಿ, ನನ್ನ ಹಾಗೆ ತಪ್ಪಾಗಿ ನೆನಪಿಟ್ಟುಕೊಳ್ಳದಿರಲಿ.

ನಿನ್ನ
ಗುರುದೇವಿ

ತಾ.ಕ.: ಫಲಕದ ಸಿಟ್ಟು ನೆಪ, ನೀಲಾ. ಅವ್ವನ ಬಲಕ್ಕೆ ಹೊಸ ಕಲ್ಲು ನೆಟ್ಟಿದ್ದಾರೆ. ಅದರ ಮೇಲೆ ರುದ್ರೇಶನ ಹೆಸರು, ಹುಟ್ಟಿದ ವರ್ಷ, ಒಂದು ಗೆರೆ. ಗೆರೆಯ ಆಚೆ ಖಾಲಿ. “ನೀ ಕೊಟ್ಟ ಮನಿಯಾಕಿ ಅಕ್ಕಾ, ಪಿನ್ನರ್‌ನವ್ರು ನೋಡಕೋತಾರ,” ಎಂದ, ಎಲ್ಲರೂ ಕೇಳುವಂತೆ. ಆ ಮನೆಯಲ್ಲಿ ಈಗ ಇನ್ನೊಬ್ಬಳಿದ್ದಾಳೆಂದು ಅವನಿಗೆ ತಿಳಿಯದ್ದಲ್ಲ.

ಇವತ್ತು ಪಕ್ಕದ ಮನೆಯ ಮೆಟಿಲ್ಡಾ ಮೀನಿನ ಸಾರು ಹಿಡಿದು ಬಂದಳು. ಉಡುಪಿ ಕಡೆಯವಳು, ಡೊನಾಲ್ಡನ ವಿಧವೆ. ನಾನು ಮೀನು ತಿನ್ನುವುದಿಲ್ಲವೆಂದು ಪ್ರತಿ ಸಲ ಮರೆಯುತ್ತಾಳೆ. ಎಲ್ಲ ಕೇಳಿಸಿಕೊಂಡು, ಸಾರಿನ ಪಾತ್ರೆಯನ್ನೂ ವಾಪಸು ಹಿಡಿದುಕೊಂಡು, ಬಾಗಿಲಲ್ಲಿ ನಿಂತು ಹೇಳಿದಳು:

“ನಮ್ಮ ಡೊನಾಲ್ಡನ ಗುಂಡಿ ಒಬ್ಬರ ಮೇಲೊಬ್ಬರು ಮೂರು ಜನಕ್ಕೆ ಆಗುವಷ್ಟು ಆಳ ಉಂಟು ಮಾರಾಯ್ತಿ. ನಾನು ಹೋದ ಮೇಲೂ ಮೇಲೆ ಒಬ್ಬರಿಗೆ ಜಾಗ ಉಂಟು. ನೀನು ಬೇಕಾದ್ರೆ ಕೂತ್ಕೊಂಡೇ ಬಾ. ಒಂದೇ ತೊಂದರೆ, ಅವನದ್ದು ಗೊರಕೆ ಸ್ವಲ್ಪ ಜೋರು.”