ಕಾದಿಟ್ಟ ಕೋರಿಕೆ

ಪ್ರೀತಿಯ ಡಿಟಾ,

ಕುವೈತಿನಲ್ಲಿ ಸೆಕೆ ಶುರುವಾಯಿತೇ? ನಿನ್ನ ಫೋನು ಬರದೆ ಬಹಳ ದಿನವಾಯಿತು. ಕೆಲಸ ಹೆಚ್ಚಿರಬೇಕು.

ಭಾನುವಾರ ಮಗಳನ್ನು ದೋಣಿಯಲ್ಲಿ ಆಚೆ ದಡದ ಹಾರೋ ಊರಿನ ದೊಡ್ಡ ಇಗರ್ಜಿಗೆ ಕರೆದೊಯ್ದೆ. ಮೊದಲ ಸಲ ಕಾಲಿಟ್ಟ ಇಗರ್ಜಿಯಲ್ಲಿ ಕೇಳಿಕೊಂಡದ್ದು ಈಡೇರುತ್ತದೆ, ಅದಕ್ಕೇ ನೀನು ಊರಿಗೆ ಮರಳಿದ ಮೇಲೆ ಈ ಇಗರ್ಜಿಗೆ ಜೊತೆಯಾಗಿಯೇ ಹೋಗೋಣ ಎಂದುಕೊಂಡಿದ್ದೆವಲ್ಲ. ಹಾಗಾಗಿ ನಾನು ಹೊಸ್ತಿಲಾಚೆ ನಿಂತು ಪೂಜೆ ಕೇಳಿದೆ.

"ಯಾಕಣ್ಣ, ಒಳಗೋದ್ರೆ ಮಾತೆ ಏನ್ ಕಚ್ತಾಳಾ?" ಎಂದು ಮೇಣದಬತ್ತಿ ಮಾರುವವಳು ನಕ್ಕಳು.

ಕ್ಲಾರಿಸ್ ಮಾತ್ರ ಒಳಗೆ ಓಡಿ ಮಂಡಿಯೂರಿ ಬಂದಳು. ಏನು ಕೇಳಿದೆ ಎಂದರೆ, "ಸೈಕಲ್ಲು" ಅಂದಳು.

"ಅಮ್ಮ ಬರ್ಲಿ ಅಂತ ಕೇಳ್ಬಾರ್ದಿತ್ತಾ?"

"ಅದನ್ನ ನೀನು ಕೇಳ್ತೀಯಲ್ಲ ಅಪ್ಪ, ಅದಕ್ಕೇ ಬಿಟ್ಟೆ."

ಈ ಸಲವೂ ನೀನು ಅಲ್ಲಿನ ಕೆಲಸದ ಕರಾರು ಮುಂದುವರಿಸಿದೆಯೆಂದು ನಿನ್ನ ತಂಗಿ ಹೇಳಿದಳು. ನನಗೆ ಕೋಪವಿಲ್ಲ. ಮಾವಿನಹಣ್ಣಿನ ಕಾಲ ಮುಗಿಯುವ ಮೊದಲು ಒಂದು ಸಾಲು ಬರೆ, ಸಾಕು. ಬರುವ ಯೋಚನೆಯೇ ಇಲ್ಲದಿದ್ದರೆ ಕೋರಿಕೆಯನ್ನು ಸುಮ್ಮನೆ ಕಾದಿಟ್ಟು ಏನು ಮಾಡಲಿ? ಅಡುಗೆಮನೆ ಸೋರುತ್ತಿದೆ. ಒಬ್ಬನೇ ಒಳಗೆ ಹೋಗಿ ನಾಲ್ಕು ತಗಡು ಕೇಳಿಕೊಂಡು ಬರುತ್ತೇನೆ.

ಇನ್ನೂ ಹೊಸ್ತಿಲಾಚೆಯೇ ಇರುವ,
ರೋಹೆಲ್