ನಾನು ಬಿಟ್ಟ ಏಳು ಗೋಲುಗಳನ್ನು ದಾಖಲಿಸಿಕೊಳ್ಳಿ

ಪಶ್ಚಿಮ ತೀರ ಫುಟ್‌ಬಾಲ್ ಲೀಗಿನ ಪರವಾನಗಿ ಅಧಿಕಾರಿಗಳಿಗೆ,

ಮಾನ್ಯರೇ, ಭಟ್ಕಳ, ಹೊನ್ನಾವರ, ಕುಮಟಾ ಸೇರಿ ಕಟ್ಟಿದ ನಮ್ಮ ತ್ರಿತಾಲೂಕು ಫುಟ್‌ಬಾಲ್ ಕ್ಲಬ್ಬಿನ ಪರವಾನಗಿಯನ್ನು ತಾವು ರದ್ದು ಮಾಡಹೊರಟಿದ್ದೀರಿ. ತಮ್ಮ ನೋಟಿಸಿನಲ್ಲಿರುವ ಕಾರಣ ಒಂದೇ: ಕ್ಲಬ್ಬು ಸಲ್ಲಿಸಿದ ಇತಿಹಾಸ ನಕಲಿ. ಆ ಇತಿಹಾಸವನ್ನು ಬರೆದವನು ನಾನು, ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಕನ್ನಡ ಮಾಸ್ತರ. ಅದು ನಕಲಿ ಎಂಬುದರಲ್ಲಿ ಎರಡು ಮಾತಿಲ್ಲ. ನಕಲಿಯಲ್ಲದ್ದು ಕ್ಲಬ್ಬು ಮಾತ್ರ, ಮತ್ತು ತಾವು ಅಳಿಸುತ್ತಿರುವುದು ಅದನ್ನೇ.

ಇದು ಬಹಿರಂಗ ಪತ್ರ, ಓದುಗರಿಗೂ ತಿಳಿಯಲಿ. ನಲವತ್ತು ವರ್ಷ ದಾಟಿದ ಕ್ಲಬ್ಬುಗಳು ಸದಸ್ಯರ ಕೈಯಲ್ಲೇ ಉಳಿಯಬಹುದು. ಉಳಿದವನ್ನು ಯಾವುದಾದರೂ ಕಂಪನಿಗೆ ಒಪ್ಪಿಸಬೇಕು, ಆ ಕಂಪನಿ ತನಗೆ ಬೇಕಾದ ಊರಿಗೆ ಕ್ಲಬ್ಬನ್ನು ಹೊತ್ತೊಯ್ಯಬಹುದು. ಇದು ಲೀಗಿನ ಹೊಸ ನಿಯಮ. ಮುಂದಿನ ತಿಂಗಳ ಹದಿನೈದರೊಳಗೆ ನಾವು ವಯಸ್ಸು ಸಾಬೀತು ಮಾಡದಿದ್ದರೆ, ಶುಕ್ರವಾರ ನಮಾಜು ಮುಗಿಯಲೆಂದು ಕಾದು ಅಭ್ಯಾಸ ಶುರುಮಾಡುವ, ಕನ್ನಡ, ಕೊಂಕಣಿ, ಭಟ್ಕಳ ಮುಸ್ಲಿಮರ ನವಾಯತಿ ಮೂರರಲ್ಲೂ ರೆಫ್ರಿಯನ್ನು ಬೈಯಬಲ್ಲ ಈ ತಂಡ ಯಾವುದೋ ಮಹಾನಗರದ ಹೆಸರು ಹೊತ್ತು ಆಡಬೇಕಾಗುತ್ತದೆ.

ಇನ್ನು ನನ್ನ ಘನಕಾರ್ಯದ ವಿಚಾರ. 2019ರಲ್ಲಿ ನಾವು ವೃತ್ತಿಪರ ಲೀಗಿಗೆ ಬಂದಾಗ ಸ್ಮರಣ ಸಂಚಿಕೆ ತಂದೆವು. ಕ್ಲಬ್ಬು ಹುಟ್ಟಿದ್ದು ಕುಮಟೆ ಬಳಿಯ ಸಂತೆಗುಳಿಯ ಒಂದು ಕೊಯ್ದ ಗದ್ದೆಯಲ್ಲಿ ಎಂದು ಬರೆಯಲು ನನಗೆ ನಾಚಿಕೆಯಾಯಿತು. ನಾನು ಯಾರು? ಸಂಧಿ ಸಮಾಸ ಕಲಿಸಿದವನು! '1936ರಲ್ಲಿ ಆಂಗ್ಲ ಕಲೆಕ್ಟರರ ಅಮೃತಹಸ್ತದಿಂದ ಉದ್ಘಾಟನೆಗೊಂಡು' ಎಂದು ಬರೆದೆ. ಬರೆದ ಮೇಲೆ ಫೋಟೋ ಬೇಡವೇ? ಮನೆಯ ಹಳೆಯ ಆಲ್ಬಮ್ಮಿನಲ್ಲಿ ಹನ್ನೊಂದು ಜನ ಸಾಲಾಗಿ ನಿಂತ ಚಿತ್ರವೊಂದಿತ್ತು. ಎಣಿಸಿದೆ, ಸರಿಯಾಗಿ ಹನ್ನೊಂದು. ಅಚ್ಚಿಗೆ ಕಳಿಸಿದೆ. ಸಂಚಿಕೆ ಬಿಡುಗಡೆಯಾದ ದಿನ ನನ್ನ ಹೆಂಡತಿ ನರ್ಮದಾ ಪುಟ ತಿರುಗಿಸಿ ಕೂಗಿದಳು: "ಅಯ್ಯೋ, ಇದು ಅಪ್ಪಯ್ಯ ಅಲ್ದಾ! ಅಪ್ಪಯ್ಯ ಯಾವಾಗ ಫುಟ್‌ಬಾಲ್ ಆಡಿದ್ದ?" ಅದು ನನ್ನ ಮಾವನವರ ಕಚೇರಿಯ ಗುಮಾಸ್ತರ ಬಳಗ. ಅಷ್ಟರಲ್ಲಿ ಕ್ಲಬ್ಬಿನ ಇತಿಹಾಸವೆಂದು ಒಂದು ಪ್ರತಿ ತಮ್ಮ ಕಚೇರಿ ಸೇರಿಯಾಗಿತ್ತು.

ಆರು ವರ್ಷ ಅದು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ತಮ್ಮ ಕಣ್ಣಿಗೆ ಬಿತ್ತು. ಗುಮಾಸ್ತರ ಹಿಂದಿನ ಗೋಡೆಯಲ್ಲಿ 1961ರ ಕ್ಯಾಲೆಂಡರ್ ತೂಗುತ್ತಿರುವುದನ್ನು ತಾವು ಭೂತಗನ್ನಡಿ ಹಿಡಿದು ಪತ್ತೆಮಾಡಿದ್ದೀರಿ. ಭಲೇ! ನಮ್ಮ ಹೊನ್ನಾವರದ ಮೈದಾನದಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆಂದು ಒಂಬತ್ತು ಅರ್ಜಿ ಹಾಕಿದ್ದೆವು. ಆ ಭೂತಗನ್ನಡಿ ಆಗ ಎಲ್ಲಿತ್ತು ಸ್ವಾಮಿ?

ಸತ್ಯ ಕೇಳಿ. 1983ರ ಫೆಬ್ರವರಿಯಲ್ಲಿ, ಸಂತೆಗುಳಿಯ ಸೋಮಿ ಗೌಡ್ತಿಯ ಗದ್ದೆಯಲ್ಲಿ ನಮ್ಮ ಕುಮಟೆಯ ಹುಡುಗರೂ ಭಟ್ಕಳದ ಹುಡುಗರೂ ಆಡಿದರು. ಸೋಮಿಯ ತಮ್ಮ ಚೌಡ ನಮ್ಮ ಮುಂಚೂಣಿ ಆಟಗಾರ. ತಮ್ಮನಿಗಾಗಿ ಆಕೆ ಆ ವರ್ಷ ಈರುಳ್ಳಿ ಸಸಿ ನೆಡುವುದನ್ನು ಹದಿನೈದು ದಿನ ಮುಂದೂಡಿ ಗದ್ದೆ ಬಿಟ್ಟುಕೊಟ್ಟಿದ್ದಳು. ಗೋಲಿನಲ್ಲಿ ನಿಂತವನು ನಾನು, ಆಗಷ್ಟೇ ನೌಕರಿಗೆ ಸೇರಿದ ಇಪ್ಪತ್ಮೂರರ ಮಾಸ್ತರ, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು. ಏಳು ಗೋಲು ಬಿಟ್ಟೆ. ಗದ್ದೆಯ ಅಂಚಿನಲ್ಲಿ ಕೂತ ಹೆಂಗಸರು ಆಗಲೇ ಪದ ಕಟ್ಟಿ ಹಾಡತೊಡಗಿದರು. ಮುಂದಾಳು ತುಂಬು ಬಸುರಿ ಸೋಮಿ. 'ಏಳು ಬಂದಾವೆ, ಏಳೂ ಹೋದಾವೆ, ಮಾಸ್ತರ ಕೈಯಿ ಮುಗಿದಂಗೇ ಇದ್ದಾವೆ. ಹೊಟ್ಟೆಯ ಕೂಸು ಒದ್ದರೂ ಗೋಲೇ!' ಆ ಗದ್ದೆಯ ಆಟಕ್ಕೊಂದು ಕಟ್ಟಳೆಯಿತ್ತು. ಪದಕ್ಕೆ ಸಿಕ್ಕಿದವನು ಕೊನೆಯವರೆಗೆ ನಿಂತು ಕೇಳಬೇಕು, ಕೇಳಿ ಹಾಡಿದವರಿಗೆ ಎಲೆಅಡಿಕೆಯ ಕವಳ ಕೊಡಬೇಕು. ನಾನು ನಿಲ್ಲಲಿಲ್ಲ. ಮೂಗಿನಲ್ಲಿ ರಕ್ತ ಸುರಿಯುತ್ತಿತ್ತು, ಅದೇ ನೆಪ ಮಾಡಿಕೊಂಡು ಸೈಕಲ್ ಹತ್ತಿ ಓಡಿದೆ.

ಮರುವಾರ ಎರಡೂ ಕಡೆಯವರು ನಡುವಿನ ಊರೆಂದು ಹೊನ್ನಾವರದಲ್ಲಿ ಸೇರಿ ಒಂದೇ ಕ್ಲಬ್ಬು ಮಾಡಿಕೊಂಡರು. ಭಟ್ಕಳದ ನಾಯಕ ಜುಬೇರ್ ಒಂದೇ ಷರತ್ತು ಹಾಕಿದ: "ಮಾಸ್ತರ್ ಬರೀಲಿ, ಗೋಲಿಗೆ ಮಾತ್ರ ನಿಲ್ಲೂದು ಬ್ಯಾಡ." ಹೀಗೆ ಕಾರ್ಯದರ್ಶಿ ಹುದ್ದೆ ಸೃಷ್ಟಿಯಾಯಿತು. ಬರೆಯಲೆಂದು ನೇಮಕಗೊಂಡ ನಾನು ಎಂಟು ವರ್ಷ ಒಂದಕ್ಷರ ಬರೆಯಲಿಲ್ಲ, ಏಕೆಂದರೆ ಮೊದಲ ಪುಟದಲ್ಲಿ ಆ ಏಳನ್ನು ಬರೆಯಬೇಕಿತ್ತು. ತಮ್ಮ ಬಳಿ 1991ರಿಂದೀಚಿನ ಕಾಗದಗಳಷ್ಟೇ ಇರುವುದು ಇದೇ ಕಾರಣಕ್ಕೆ. ಇದ್ದದ್ದನ್ನು ಇದ್ದಂತೆ ಬರೆದಿದ್ದರೂ ಇವತ್ತು ಕ್ಲಬ್ಬಿಗೆ ನಲವತ್ತು ದಾಟಿರುತ್ತಿತ್ತು. ನನ್ನಂಥ ಬೃಹಸ್ಪತಿ ಬೇರೆ ಯಾವ ಕ್ಲಬ್ಬಿಗಾದರೂ ಸಿಕ್ಕಿದ್ದಾನೆಯೇ?

ನೋಟಿಸು ಬಂದ ಮೇಲೆ ನರ್ಮದಾ ಒಂದೇ ಮಾತು ಹೇಳಿದಳು: "ಸೋಮಕ್ಕನ ಮನೆಗೆ ಹೋಗಿ. ಕವಳ ತಗಂಡು ಹೋಗಿ." ಹೋದೆ. ಸೋಮಿಗೆ ಈಗ ಅರವತ್ತೈದರ ಮೇಲಾಗಿದೆ. ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು.

"ಎಂತ ಮಾಸ್ತರೇ, ದಾರಿ ತಪ್ತಾ?"

ವಿಷಯ ಹೇಳಿದೆ. ನಕ್ಕು ನಕ್ಕು ಕೂತೇಬಿಟ್ಟಳು. "ಅವತ್ತ್ ಓಡ್ದವ್ರಿಗೆ ಇವತ್ತ್ ಪದ ಬೇಕಂತೆ! ನಿಂತ್ ಕೇಳೂದಾದ್ರೆ ಹಾಡ್ತೆ. ಓಡೂದಾದ್ರೆ ಈಗ್ಲೇ ಹೋಗಿ."

ನಿಂತೆ. ಹಾಡಿದಳು. ಒಳಗಿನಿಂದ ಮಗಳು ಹೇಮಾ ಬಂದು ಸೊಲ್ಲು ಕೂಡಿಸಿದಳು. ಪಕ್ಕದ ಮನೆಯ ಹೆಂಗಸರೂ ಬಂದರು. ಪ್ರತಿ ವರ್ಷ ಕೊಯ್ಲಿಗೆ ಹಾಡುತ್ತಾರಂತೆ; ನನ್ನನ್ನು ಒಮ್ಮೆಯೂ ಕಾಣದವರಿಗೂ ನನ್ನ ಏಳು ಗೋಲು ಬಾಯಿಪಾಠ. ಹಾಡಿನಲ್ಲಿ ಹೊಟ್ಟೆಯೊಳಗೆ ಒದ್ದ ಕೂಸು ಈ ಹೇಮಾಳೇ. ಆಕೆಯ ಜನನ ಪ್ರಮಾಣಪತ್ರದಲ್ಲಿ 1983ರ ಮಾರ್ಚ್ ತಿಂಗಳಿದೆ, ಸರ್ಕಾರದ ಮುದ್ರೆಯಿದೆ, ಕ್ಯಾಲೆಂಡರ್ ಹುಡುಕುವ ಕಷ್ಟ ತಮಗಿಲ್ಲ. ಹಾಡನ್ನು ಬರೆದು, ಜೊತೆಗೆ ಅದರ ಪ್ರತಿಯನ್ನೂ ಇಟ್ಟು ಕಳಿಸಿದರೆ ತಮ್ಮ ಕಚೇರಿ ಉತ್ತರಿಸಿತು: 'ಜನಪದ ಗೀತೆಯನ್ನು ದಾಖಲೆಯಾಗಿ ಪರಿಗಣಿಸಲು ಅವಕಾಶವಿಲ್ಲ.' ಅಲ್ಲ ಸ್ವಾಮಿ, ಗುಮಾಸ್ತರ ಫೋಟೋವನ್ನು ಆರು ವರ್ಷ ದಾಖಲೆಯೆಂದು ಇಟ್ಟುಕೊಂಡ ಕಚೇರಿಗೆ, ನಲವತ್ತೆರಡು ವರ್ಷ ಒಂದು ಗೋಲನ್ನೂ ಹೆಚ್ಚು ಕಮ್ಮಿ ಮಾಡದ ಹೆಂಗಸರ ಮೇಲೆ ಅನುಮಾನವೇ?

ಅಂದು ಸೋಮಿಯ ಅಂಗಳದಲ್ಲಿ, ಏಳು ಮುಗಿಯಿತು ಎಂದು ನಾನು ಕವಳದ ಗಂಟಿಗೆ ಕೈ ಹಾಕಿದೆ. ಸೋಮಿ ಗದರಿದಳು: "ತಡೀರಿ, ಆತಾ ಅಂದ್ಕಂಡ್ರಾ? ನೀವ್ ಕೇಳ್ದೇ ಇದ್ದದ್ದ್ ಇನ್ನೂ ಅದೆ." ಹಾಡಿದಳು: 'ಎಂಟನೇ ಚೆಂಡು ಮೋರೆಗೆ ತಾಗಿ, ನೆತ್ತರು ಬಿದ್ದರೂ ಗೆರೆ ದಾಟಲಿಲ್ಲ. ಮಾಸ್ತರ ನಿಂತಾನೆ, ಗದ್ದೆಯ ಕಾದಾನೆ.'

ನಾನು ಆ ಅಂಗಳದಲ್ಲಿ ಅತ್ತೆ, ಮಾನ್ಯರೇ. ಅರವತ್ತೈದರ ಮುದುಕ, ಮೆಣಸಿನ ಘಾಟು ಎಂದು ಸುಳ್ಳು ಹೇಳಲೂ ಆಗಲಿಲ್ಲ. ನನ್ನನ್ನು ಹೊಗಳಿದ್ದ ಒಂದೇ ಒಂದು ಇತಿಹಾಸವನ್ನು ನಾನು ಕೈಯಾರೆ ಮುಚ್ಚಿಟ್ಟು, ಕಲೆಕ್ಟರರನ್ನು ಹುಟ್ಟುಹಾಕಿದ್ದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹದಿನೈದರೊಳಗೆ ಯಾವ ಭಾನುವಾರವಾದರೂ ಸರಿ, ತಾವು ಖುದ್ದು ಸಂತೆಗುಳಿಗೆ ಬನ್ನಿ. ಸೋಮಿ ಹಾಡುತ್ತಾಳೆ, ಕಾಗದ ಪೆನ್ನು ಹಿಡಿದು, ಕೊನೆಯ ಸೊಲ್ಲಿನವರೆಗೂ ಬರೆದುಕೊಳ್ಳಿ. ಸುಳ್ಳಿಗೆ ಶಿಕ್ಷೆ ಬೇಕೆಂದರೆ ಕ್ಲಬ್ಬನ್ನು ಬಿಟ್ಟು ನನ್ನನ್ನು ಆಜೀವ ನಿಷೇಧಿಸಿ. ರಾಜೀನಾಮೆ ಇದರ ಜೊತೆಗೇ ಇದೆ. ಹೊಸ ಕಾರ್ಯದರ್ಶಿಯಾಗಿ ಹೇಮಾಳನ್ನು ಆರಿಸಿದ್ದೇವೆ. ಆಕೆ ಬರೆದ ಮೊದಲ ಪುಟದ ಮೊದಲ ಸಾಲು: 'ಏಳು–ಸೊನ್ನೆ. ಸೋತವರು ನಾವು.'

ಇಂತಿ, ತಲೆತಗ್ಗಿಸಿ, ಆದರೆ ಈ ಸಲ ಓಡಿಹೋಗದೆ,
ಮಹಾಬಲ ಮಾಸ್ತರ, ಕುಮಟಾ
ಮಾಜಿ ಗೋಲ್‌ಕೀಪರ್, ಮಾಜಿ ಕಾರ್ಯದರ್ಶಿ, ಮಾಜಿ ಇತಿಹಾಸಕಾರ