ಚಿ. ಸೌ. ಮುಕ್ತಾ

೧೨ ಏಪ್ರಿಲ್ ೧೯೫೫, ಮಡಗಾಂವ

ಇವತ್ತೂ ಪ್ರೂಫ್ ಹಿಡಿದು ಸೆನ್ಸಾರ್ ಕಚೇರಿಗೆ. ಪೋರ್ಚುಗೀಸರ ರಾಜ್ಯದಲ್ಲಿ ಮದುವೆ ಕರೆಯೋಲೆಗೂ ಅಪ್ಪಣೆ ಬೇಕು. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಅಕ್ಷರ ಜೋಡಿಸಿದೆ, ಊರವರ ಓಲೆಗಳನ್ನೆಲ್ಲ ಹೊತ್ತು ತಿರುಗಿದೆ. ಇವತ್ತಿನದು ನನ್ನ ಮಗಳದು. ಎರಡು ಗಂಟೆ ಬೆಂಚು ಕಾದೆ. ನಾಡಿದ್ದು ಬಾ ಅಂದರು.

೧೪ ಏಪ್ರಿಲ್

ಮಗಳ ಹೆಸರಿನ ಮೇಲೆ ನೀಲಿ ಪೆನ್ಸಿಲಿನ ಗೆರೆ. ಮುಕ್ತಾ ಕೂಡದಂತೆ.

ಅಲ್ಲಿನ ಗುಮಾಸ್ತ ಕಾಯೆತಾನ್ ನಮ್ಮೂರಿನವನೇ. "ಬಿಡುಗಡೆ ಆದವಳು ಅಂತ ಅರ್ಥ ಹಿಡಿದಿದ್ದಾರೆ, ಗೋವಾ ಬಿಡುಗಡೆ ಅಂತ ಚಳವಳಿ ನಡೀತಿದೆಯಲ್ಲ, ಪುಂಡಲೀಕ್‌ಬಾಬ್" ಅಂದ.

"ಮುತ್ತು ಮಾರಾಯ. ಮುತ್ತು ಅಂತ ಇಟ್ಟಿದ್ದು."

"ನಂಗೊತ್ತು. ಸಾಹೇಬರಿಗೆ ಹೇಳೋರು ಯಾರು? ಮೋತಿ ಅಂತ ಹಾಕಿ."

"ಅದು ಪ್ರೆಸ್ ಬಾಗಿಲಲ್ಲಿ ಮಲಗೋ ನಾಯಿ ಹೆಸರು."

"ಹಾಗಾದ್ರೆ ಗಂಡಿನವರು ಇಡೋ ಹೆಸರೇ ಹಾಕಿ. ಹೇಗೂ ಮದುವೆ ದಿನ ನೀವೇ ಹುಡುಗಿ ಹೆಸರು ಅಳಿಸ್ತೀರಲ್ಲ. ಸಾಹೇಬ್ರು ಮೂರು ವಾರ ಮುಂಚೆ ಅಳಿಸಿದ್ರು, ಅಷ್ಟೇ."

ನಾನೂ ನಕ್ಕೆ. ಯಾಕೆ ನಕ್ಕೆನೋ... ನಾಚಿಕೆಯಾಗುತ್ತಿದೆ.

೧೫ ಏಪ್ರಿಲ್

ಮುಕ್ತಾಗೆ ಹೇಳಿದೆ. ವಾದ ಮಾಡಿದೆ, ಕೇಳಲಿಲ್ಲ ಅಂತ ಸುಳ್ಳೂ ಸೇರಿಸಿದೆ.

"ಮದುವೆ ದಿನ ಹೋಗೋ ಹೆಸರು ಅಂತ ಗೊತ್ತಿತ್ತು ಬಾಬಾ. ಅಲ್ಲೀವರೆಗಾದ್ರೂ ಇರುತ್ತೆ ಅಂದ್ಕೊಂಡಿದ್ದೆ."

ಎದ್ದು ಒಳಗೆ ಹೋದಳು.

೨೩ ಏಪ್ರಿಲ್

ಓಲೆ ಅಚ್ಚಾಯಿತು. 'ಚಿ. ಸೌ.' ಅಂತ ಮಾತ್ರ — ಮುಂದೆ ಖಾಲಿ. ಬೇರೆ ಹೆಸರು ಜೋಡಿಸಲು ಕೈ ಬರಲಿಲ್ಲ.

ಅಳಿಯನಾಗುವ ಗುರುದಾಸ ಓಲೆ ಒಯ್ಯಲು ಬಂದ. ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಯಾಕೆ ಅಂತ ಕೇಳಿದ, ಹೇಳಿದೆ. ಓಲೆಗಳ ಕಟ್ಟು ಎತ್ತಿಕೊಂಡು ಹೋದ. ಮೆದು ಹುಡುಗ, ತಾಯಿಯ ಮಾತು ಮೀರದವನು. ಆಕೆ ಸೊಸೆಗೆ ಆರಿಸಿದ ಹೆಸರು ಸುಲಭಾ.

ಮಗಳು ಇನ್ನೂ ಮಾತಾಡುತ್ತಿಲ್ಲ. ಸಾಕಾಗಿದೆ.

೫ ಮೇ, ಸಂಜೆ

ಮದುವೆ ಮುಗಿಯಿತು. ಬರೆಯಲೇಬೇಕು.

ಹೆಸರಿಡುವ ಶಾಸ್ತ್ರ. ತಟ್ಟೆಯ ಅಕ್ಕಿಯಲ್ಲಿ ಗುರುದಾಸ ಉಂಗುರದಿಂದ ಬರೆದ. ಬೀಗಿತ್ತಿ ಅವನ ಶಾಲು ಜಗ್ಗಿದರು.

"ಸುಲಭಾ ಅಲ್ವೇನೋ?"

"ಬರೆದಾಯ್ತಲ್ಲ ಆಯಿ."

ಮುಕ್ತಾ ಅಂತಲೇ ಇತ್ತು.

ಎಲ್ಲರೂ ಕಾಯೆತಾನ್ ಕಡೆ ತಿರುಗಿದರು. ಮುಂದಿನ ಸಾಲಿನಲ್ಲೇ ಕೂತಿದ್ದ. ಜೇಬು ತಡಕಿದ. "ಕನ್ನಡಕ ಮರೆತು ಬಂದೆ. ಏನು ಬರೆದಿದೆಯೋ ಕಾಣಲ್ಲ." ಕನ್ನಡಕ ಮೂಗಿನ ಮೇಲೇ ಇತ್ತು.

"ಹೆಸರು ಮೂರು ಸಲ ಕೂಗಬೇಕು. ಯಾರು ಕೂಗ್ತೀರಿ?" ಅಂದರು ಭಟ್ಟರು.

ಯಾರೂ ಏಳಲಿಲ್ಲ. ನಾನು ಎದ್ದೆ. ಬೀದಿಗೂ ಕೇಳುವಂತೆ ಕೂಗಿದೆ. ಎರಡನೇ ಸಲಕ್ಕೆ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಮೂರನೇ ಸಲ ದನಿ ಒಡೆದರೂ ಹೆಸರು ಪೂರ್ತಿ ಕೂಗಿದೆ.